ಡ್ರಾಪ್ ಎಲ್ಲಿ ಮೇಡಂ? ಕ್ಯಾಶಾ, ಆನ್‌ಲೈನಾ?

ಬೆಳಿಗ್ಗೆ 5.20. ಅಜ್ಜಿ ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ನನ್ನ ಒಂದು ಕೈಯಲ್ಲಿ ಆಸ್ಪತ್ರೆಯ ಫೈಲು, ಇನ್ನೊಂದರಲ್ಲಿ ಮೊಬೈಲು. ಕ್ಯಾಬ್ ಸಿಕ್ಕಿತು ಎಂದು ಉಸಿರು ಬಿಡುವಷ್ಟರಲ್ಲಿ ಫೋನ್ ಬಂತು.

‘ಮೇಡಂ, ಡ್ರಾಪ್ ಎಲ್ಲಿ?’

ಹೇಳಿದೆ.

‘ಕ್ಯಾಶಾ, ಆನ್‌ಲೈನಾ?’

‘ಆನ್‌ಲೈನ್’ ಎಂದೆ. ಫೋನ್ ಕಟ್. ಎರಡೇ ನಿಮಿಷದಲ್ಲಿ ರೈಡ್ ಕೂಡ ಕ್ಯಾನ್ಸಲ್.

ಎರಡನೆಯವರು ‘ಬಂದೆ ಮೇಡಂ, ಐದೇ ನಿಮಿಷ’ ಎಂದರು. ಆದರೆ ಮ್ಯಾಪಿನಲ್ಲಿ ಅವರ ಕಾರು ಪೆಟ್ರೋಲ್ ಬಂಕ್ ಬಿಟ್ಟು ಅಲುಗಾಡಲಿಲ್ಲ. ನಾನೇ ಕ್ಯಾನ್ಸಲ್ ಮಾಡಲಿ ಎಂದು ಕಾಯುತ್ತಿದ್ದಾರೆ ಅಂತ ಅರ್ಥವಾಗಲು ಹದಿನೈದು ನಿಮಿಷ ಬೇಕಾಯಿತು. ಕ್ಯಾನ್ಸಲ್ ಮಾಡಿದೆ, ದಂಡ ನನ್ನ ಲೆಕ್ಕಕ್ಕೇ ಬಿತ್ತು. ಮೂರನೆಯವರು ನೇರವಾಗಿ ಕೇಳಿದರು: ‘ನೂರು ರೂಪಾಯಿ ಮೇಲೆ ಕೊಟ್ರೆ ಬರ್ತೀನಿ’. ಒಪ್ಪಿಕೊಂಡೆ. ಆಸ್ಪತ್ರೆ ಮುಟ್ಟಿದಾಗ 6.40 ದಾಟಿತ್ತು.

ಸಿನಿಮಾಕ್ಕೋ ಮಾಲ್‌ಗೋ ಹೊರಟಿದ್ದರೆ ಇದನ್ನು ಫ್ರೆಂಡ್ಸ್ ಮುಂದೆ ಹೇಳಿಕೊಂಡು ನಕ್ಕುಬಿಡಬಹುದಿತ್ತು. ನಾವು ಹೊರಟಿದ್ದು ಡಯಾಲಿಸಿಸ್‌ಗೆ. ಅಜ್ಜಿಗೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಮೊದಲ ಶಿಫ್ಟ್ 6 ಗಂಟೆಗೆ. ಅದೇ ಮೆಷಿನ್‌ಗೆ ಮುಂದಿನ ಶಿಫ್ಟಿನ ರೋಗಿ ಬಂದು ಕಾಯುತ್ತಿರುತ್ತಾರೆ. ಹಾಗಾಗಿ ತಡವಾದರೆ ಆ ಸಮಯ ನಮ್ಮ ನಾಲ್ಕು ಗಂಟೆಯಲ್ಲೇ ಕಳೆಯುತ್ತದೆ. ಅವತ್ತು ಅಜ್ಜಿಗೆ ಸಿಕ್ಕಿದ್ದು ಮೂರು ಗಂಟೆ. ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ ಎಂದು ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಕೂತೇ ಇದ್ದಳು. ಅವಳ ಪಕ್ಕದಲ್ಲಿ ಸಿಗ್ನಲ್ಸ್ ಪುಸ್ತಕ ಹಿಡಿದು ಕೂತ ನನಗೆ ಒಂದು ಸಾಲೂ ತಲೆಗೆ ಹೋಗಲಿಲ್ಲ.

ಅಪ್ಪನದು ನೈಟ್ ಶಿಫ್ಟ್, ಅಮ್ಮನಿಗೆ ಮನೆ, ತಮ್ಮನ ಸ್ಕೂಲು. ಅಜ್ಜಿಯ ಜತೆ ಹೋಗುವುದು ನನ್ನ ಪಾಲಿಗೆ ಬಂದಿತ್ತು. ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಬಸ್ಸು ಉಚಿತ, ನಿಜ. ಆದರೆ ಡಯಾಲಿಸಿಸ್ ಮುಗಿಸಿ ಬಿ.ಪಿ. ಇಳಿದ ಎಪ್ಪತ್ತೆರಡರ ಹೆಂಗಸು ಬಸ್ ಹತ್ತಿ ನಿಲ್ಲುವುದು ಆಗದ ಮಾತು.

ದಾರಿ ತೋರಿಸಿದ್ದು ಅಜ್ಜಿಯೇ. ‘ಅರಳಿಕಟ್ಟೆ ಹತ್ರ ಆ ಹುಡುಗ ಕಾರ್ ನಿಲ್ಸ್ಕೊಂಡಿರ್ತಾನಲ್ಲ, ಅವನನ್ನ ಕೇಳು’ ಎಂದಳು. ಹುಡುಗ ಅಂದರೆ ಐವತ್ತರ ಮೇಲಾದವರು. ನಮ್ಮ ಬಸವೇಶ್ವರನಗರದ ಬೀದಿಯಲ್ಲಿ ಅವರಿಗೆ ‘ಇಂಡಿಕಾ ಅಣ್ಣ’ ಎಂದೇ ಹೆಸರು. ಇಂಡಿಕಾ ಹೋಗಿ ಎಟಿಯೋಸ್ ಬಂದು ವರ್ಷಗಳಾದರೂ ಹೆಸರು ಬದಲಾಗಿಲ್ಲ. ಜೆರಾಕ್ಸ್ ಅಂಗಡಿಯ ಗೋಡೆಗೆ ಒಂದು ‘ಟ್ರಾವೆಲ್ಸ್’ ಬೋರ್ಡು, ನಾಲ್ಕು ಹಳದಿ ಬೋರ್ಡಿನ ಕಾರು. ಅಷ್ಟೇ ಅವರ ಕಂಪನಿ. ದಿನಾ ಅದರ ಮುಂದೆಯೇ ಕಾಲೇಜಿಗೆ ಹೋಗುತ್ತಿದ್ದ ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ.

ಹೋಗಿ ಕೇಳಿದೆ. ‘ಸೋಮವಾರ, ಬುಧವಾರ, ಶುಕ್ರವಾರ, 5.15ಕ್ಕೆ ಗೇಟ್ ಹತ್ರ ಇರ್ತೀನಿ. ಒಂದು ಕಡೆಗೆ 250 ಕೊಡಮ್ಮ’ ಎಂದರು. ಮನೆಗೆ ಬಂದು ಲೆಕ್ಕ ಹಾಕಿದೆ. 2024ರ ಆರಂಭದಲ್ಲಿ ಸರ್ಕಾರ ನಿಗದಿ ಮಾಡಿದ ಟ್ಯಾಕ್ಸಿ ದರದ ಪ್ರಕಾರ ಸಣ್ಣ ಕಾರುಗಳಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ನಮ್ಮ ಆಸ್ಪತ್ರೆ 9 ಕಿ.ಮೀ. ಅಂದರೆ 220. ಮಧ್ಯರಾತ್ರಿಯಿಂದ 6 ಗಂಟೆಯವರೆಗೆ ಶೇ 10 ಹೆಚ್ಚು, ಒಟ್ಟು 242. ಅಣ್ಣ ಕ್ಯಾಲ್ಕ್ಯುಲೇಟರ್ ಮುಟ್ಟದೇ ಹೇಳಿದ ರೇಟು ನ್ಯಾಯವಾಗಿಯೇ ಇತ್ತು. ಮಳೆ ಬಂದರೂ ಅದೇ, ಹಬ್ಬ ಬಂದರೂ ಅದೇ.

ದುಡ್ಡಿಗಿಂತ ದೊಡ್ಡ ಲಾಭ ಬೇರೆಯೇ ಇತ್ತು. ಅಜ್ಜಿಯ ಎಡಗೈಯಲ್ಲಿ ಸೂಜಿ ಚುಚ್ಚಲು ಮಾಡಿದ ಫಿಸ್ಟುಲಾ ಇದೆ. ಆ ಕೈಯನ್ನು ಹಿಡಿದು ಎಳೆಯುವಂತಿಲ್ಲ, ಒತ್ತುವಂತಿಲ್ಲ. ಆ್ಯಪಿನಲ್ಲಿ ಬರುವ ಹೊಸ ಹೊಸ ಡ್ರೈವರ್‌ಗಳಿಗೆ ಪ್ರತಿಸಲ ಇದನ್ನು ಹೇಳಬೇಕಿತ್ತು. ಅಣ್ಣನಿಗೆ ಒಂದೇ ಸಲ ಹೇಳಿದ್ದು. ಅವತ್ತಿನಿಂದ ಬಲಗಡೆಗೇ ಬಂದು ಕೈ ಕೊಡುತ್ತಾರೆ. ವಾಪಸ್ ಬರುವಾಗ ಬಾಯಾರಿದ ಅಜ್ಜಿ ಎಳನೀರಿನ ಗಾಡಿ ಕಂಡರೆ ‘ನಿಲ್ಸಪ್ಪಾ’ ಅನ್ನುತ್ತಾಳೆ. ‘ಅಜ್ಜಿ, ಪೊಟ್ಯಾಶಿಯಂ ಅಂತೆ, ಡಾಕ್ಟ್ರು ಬೇಡ ಅಂದಿದ್ದಾರಲ್ಲ’ ಎಂದು ಅಣ್ಣ ಗಾಡಿ ಮುಂದಕ್ಕೇ ಬಿಡುತ್ತಾರೆ. ನನ್ನ ಬೈಗುಳ ಕೇಳದ ಅಜ್ಜಿ ಅವರ ಮಾತು ಕೇಳುತ್ತಾಳೆ.

ಒಂದು ದಿನ ಆ್ಯಪ್ ಡ್ರೈವರ್‌ಗಳನ್ನು ಬಾಯಿತುಂಬ ಬೈದೆ. ಅಣ್ಣ ನಗಲಿಲ್ಲ. ‘ನಾನೂ ಎರಡು ವರ್ಷ ಆ್ಯಪ್‌ನಲ್ಲೇ ಓಡಿಸಿದೀನಿ’ ಎಂದರು. ನಿಮ್ಮನ್ನು ಹತ್ತಿಸಿಕೊಳ್ಳಲು ಮೂರು ಕಿ.ಮೀ. ಖಾಲಿ ಬಂದರೆ ಅದರ ಇಂಧನ ಡ್ರೈವರ್‌ದು. ಇಳಿಸಿದ ಜಾಗದಿಂದ ಮತ್ತೆ ಬಾಡಿಗೆ ಸಿಗದಿದ್ದರೆ ವಾಪಸ್ ಬರುವುದೂ ಅವರದೇ ಖರ್ಚು. ಅದಕ್ಕೇ ‘ಡ್ರಾಪ್ ಎಲ್ಲಿ’ ಎಂಬ ಪ್ರಶ್ನೆ. ಆನ್‌ಲೈನ್ ದುಡ್ಡು ಆಮೇಲೆ ಬರುತ್ತದೆ, ಸಿಎನ್‌ಜಿ ಬಂಕಿನವರು ಈಗಲೇ ಕೇಳುತ್ತಾರೆ. ಅದಕ್ಕೇ ‘ಕ್ಯಾಶಾ’ ಎಂಬ ಪ್ರಶ್ನೆ. ತಿಂಗಳಿಗೊಮ್ಮೆ ಇಎಂಐ. ‘ಅವರು ಮಾಡೋದು ಸರಿ ಅಂತಲ್ಲಮ್ಮ. ಬರಲ್ಲ ಅಂದ್ರೆ ಬರಲ್ಲ ಅಂತ ಹೇಳ್ಬೇಕು, ಕಾಯಿಸಬಾರದು’ ಎಂದೂ ಸೇರಿಸಿದರು.

ನನಗೆ ನನ್ನದೇ ನೆನಪಾಯಿತು. ಕಾಲೇಜ್ ಫೆಸ್ಟ್ ದಿನ ನಾವು ಗೆಳತಿಯರು ಮೂರು ಆ್ಯಪ್‌ನಲ್ಲಿ ಒಟ್ಟಿಗೆ ಬುಕ್ ಮಾಡಿ, ಮೊದಲು ಬಂದ ಕಾರು ಹತ್ತಿ, ಉಳಿದ ಎರಡನ್ನು ಕ್ಯಾನ್ಸಲ್ ಮಾಡಿದ್ದೆವು. ಆ ಇಬ್ಬರೂ ಎಲ್ಲಿಂದಲೋ ಖಾಲಿ ಬರುತ್ತಿದ್ದರು. ಡ್ರೈವರ್ ಮಾಡಿದರೆ ಮೋಸ, ನಾವು ಮಾಡಿದರೆ ಜಾಣತನ! ಅವರಿಗೆ ನಾನು ಒಂದು ಒಟಿಪಿ, ನನಗೆ ಅವರು ಒಂದು ನಂಬರ್ ಪ್ಲೇಟ್. ಮತ್ತೆ ಮುಖ ನೋಡುವುದಿಲ್ಲ ಎಂದು ಗೊತ್ತಿದ್ದಾಗ ಇಬ್ಬರೂ ಹೀಗೇ ಆಗುತ್ತೇವೇನೋ. ಇಂಡಿಕಾ ಅಣ್ಣ ನಮ್ಮನ್ನು ಕಾಯಿಸಿದರೆ ನಾಳೆ ಹಾಲಿನ ಬೂತ್‌ನಲ್ಲಿ ಅಮ್ಮ ಎದುರಾಗುತ್ತಾಳೆ. ನಾನು ಹೇಳದೇ ಕೈಕೊಟ್ಟರೆ ಸಂಜೆ ಅವರ ಮುಂದೆಯೇ ನಡೆದು ಬರಬೇಕು.

ಎಲ್ಲ ಚೆನ್ನ ಎಂದು ಹೇಳುತ್ತಿಲ್ಲ. ಹಿಂದಿನ ದಿನವೇ ಹೇಳಿಡಬೇಕು. ಮದುವೆ ಸೀಸನ್ನಿನಲ್ಲಿ ನಾಲ್ಕೂ ಕಾರು ಧರ್ಮಸ್ಥಳ, ತಿರುಪತಿ ಎಂದು ಹೋಗಿಬಿಡುತ್ತವೆ. ರಾತ್ರಿ ಗೊತ್ತಿಲ್ಲದ ಏರಿಯಾದಲ್ಲಿ ಸಿಕ್ಕಿಕೊಂಡರೆ ಈಗಲೂ ನಾನು ತೆರೆಯುವುದು ಆ್ಯಪನ್ನೇ.

ಆದರೆ ಕಳೆದ ಸೆಮಿಸ್ಟರ್ ಮರೆಯುವಂತಿಲ್ಲ. ಮ್ಯಾಥ್ಸ್ ಪರೀಕ್ಷೆ ಬುಧವಾರವೇ ಬಂತು. ಅದೇ ದಿನ ಅಮ್ಮನಿಗೆ ಜ್ವರ. ಅಣ್ಣನಿಗೆ ಹೇಳಿದಾಗ ‘ಅಜ್ಜೀನ ನಾನ್ ನೋಡ್ಕೋತೀನಿ, ನೀನು ಓದ್ಕೋ ಹೋಗು’ ಎಂದರು. ಬೆಳಿಗ್ಗೆ 6ಕ್ಕೆ ಐದು ನಿಮಿಷ ಇರುವಾಗ ಫೋನ್: ‘ಅಜ್ಜಿ ಒಳಗೆ ಹೋದ್ರು. ತೂಕ ನೋಡಿದ್ರು, ಬೆಡ್ ಕೊಟ್ರು. ಧೈರ್ಯವಾಗಿ ಬರಿಯಮ್ಮ’. ಮಧ್ಯಾಹ್ನ ಹಾಲ್‌ನಿಂದ ಹೊರಗೆ ಬಂದು ಮೊಬೈಲ್ ಆನ್ ಮಾಡಿದರೆ ಅಮ್ಮನ ಮೆಸೇಜು: ‘ಅಜ್ಜಿ ಬಂದ್ರು, ಊಟ ಆಯ್ತು’.

ಆ ಪೇಪರ್ ಪಾಸಾಗಿದ್ದೇನೆ. ರಿಸಲ್ಟ್ ಬಂದ ದಿನ ಅರಳಿಕಟ್ಟೆಗೆ ಮೈಸೂರು ಪಾಕ್ ತೆಗೆದುಕೊಂಡು ಹೋದೆ. ‘ಕೆಲಸ ಸಿಕ್ಕಿದ ಮೇಲೂ ನಮ್ಮ ಕಾರಲ್ಲೇ ಬರ್ಬೇಕು’ ಎಂದರು ಅಣ್ಣ.

ನಿಮ್ಮ ಬೀದಿಯ ಕೊನೆಯಲ್ಲೂ ಇಂಥ ಒಂದು ಬೋರ್ಡ್ ಇರಬಹುದು. ಅವಸರ ಬೀಳುವ ಮೊದಲೇ ಒಮ್ಮೆ ಹೋಗಿ ಮಾತಾಡಿಸಿ, ನಂಬರ್ ಸೇವ್ ಮಾಡಿಕೊಳ್ಳಿ. ಬೆಳಗಿನ ಜಾವ ಐದು ಗಂಟೆಗೆ ‘ಡ್ರಾಪ್ ಎಲ್ಲಿ’ ಎಂದು ಕೇಳದೇ ಬರುವವರು ಒಬ್ಬರಾದರೂ ನಮಗೆ ಗೊತ್ತಿರಬೇಕು.