ಸಂಬಳದ ಚೀಟಿಯಲ್ಲಿ ಕಾಣುವ ಸರ್ಕಾರ: ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು

ಬೆಂಗಳೂರು ಮತ್ತು ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಜನ ದುಡಿಯುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ಬೊಮ್ಮಸಂದ್ರಗಳಲ್ಲಿ ಬೇರೂರಿದ ಈ ಉದ್ಯಮ ರಾಮನಗರ, ಮದ್ದೂರು, ಶ್ರೀರಂಗಪಟ್ಟಣ, ದೊಡ್ಡಬಳ್ಳಾಪುರದ ಕಡೆಗೂ ಹಬ್ಬಿದೆ. ಮೊದಮೊದಲು ಕೆಲಸಕ್ಕೆ ಬಂದವರು ಹೆಚ್ಚಾಗಿ ಮಂಡ್ಯ, ತುಮಕೂರು, ಕೋಲಾರ ಸೀಮೆಯ ಹಳ್ಳಿಯವರು. ಈಚೆಗೆ ಒಡಿಶಾ, ಜಾರ್ಖಂಡ್, ಅಸ್ಸಾಮಿನ ಹುಡುಗಿಯರೂ ಬರುತ್ತಿದ್ದಾರೆ. ಇವರು ಹೊಲಿದ ಬಟ್ಟೆ ಅಮೆರಿಕ, ಯುರೋಪಿನ ಅಂಗಡಿ ಸೇರುತ್ತದೆ. ಕೆಲಸ, ಯೂನಿಯನ್, ಸರ್ಕಾರ ಮೂರರ ಬಗ್ಗೆಯೂ ಇವರಿಗೆ ಖಚಿತ ಅಭಿಪ್ರಾಯಗಳಿವೆ. ಅವು ರೂಪುಗೊಳ್ಳುವುದು ಭಾಷಣ ಕೇಳಿಯಲ್ಲ, ತಿಂಗಳ ಸಂಬಳದ ಚೀಟಿ ನೋಡಿ.

ಕಾರ್ಖಾನೆಯಲ್ಲಿ ಯಾರೂ ಒಂದು ಇಡೀ ಅಂಗಿ ಹೊಲಿಯುವುದಿಲ್ಲ. ಒಂದು ಲೈನಿನಲ್ಲಿ ಹತ್ತಾರು ಮಷೀನುಗಳು ಸಾಲಾಗಿರುತ್ತವೆ. ಒಬ್ಬರು ಕಾಲರ್ ಕೂರಿಸಿದರೆ ಇನ್ನೊಬ್ಬರು ತೋಳು ಜೋಡಿಸುತ್ತಾರೆ, ಮತ್ತೊಬ್ಬರು ಕಾಜಾ ಹಾಕುತ್ತಾರೆ. ಹೆಲ್ಪರ್ ದಾರ ಕತ್ತರಿಸಿ ಪೀಸ್ ಮುಂದಕ್ಕೆ ಕೊಡುತ್ತಾಳೆ. ಚೆಕ್ಕರ್ ತಪ್ಪು ಕಂಡರೆ ವಾಪಸ್ ಕಳಿಸುತ್ತಾಳೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನ ಮೇಲಿರುತ್ತದೆ. ಒಬ್ಬರು ನೀರು ಕುಡಿಯಲು ಎದ್ದರೂ ಅವರ ಮಷೀನಿನ ಮುಂದೆ ರಾಶಿ ಬೀಳುತ್ತದೆ, ಹಿಂದೆಯೇ ಸೂಪರ್‌ವೈಸರ್‌ನ ಬೈಗುಳ ಬರುತ್ತದೆ. ‘ಸಂಬಳ ಕಡಿಮೆಯಾದರೂ ಸರಿ, ಬೈಗುಳ ತಡೆಯಲಾಗುವುದಿಲ್ಲ’ ಎಂಬುದು ಫ್ಲೋರಿನಲ್ಲಿ ಕೇಳಿಬರುವ ಸಾಮಾನ್ಯ ದೂರು.

ಆದ್ದರಿಂದ ಹೆಚ್ಚಿನವರು ಇದನ್ನು ಜೀವಮಾನದ ನೌಕರಿ ಎಂದು ಭಾವಿಸುವುದಿಲ್ಲ. ಮಕ್ಕಳ ಫೀಸು, ಮನೆ ಬಾಡಿಗೆ, ಊರಿನ ಸಾಲ ಇವುಗಳಿಗಾಗಿ ಕೆಲವು ವರ್ಷ ದುಡಿದು, ಬಿಟ್ಟು, ಮತ್ತೆ ಇನ್ನೊಂದು ಕಾರ್ಖಾನೆ ಸೇರುವುದು ರೂಢಿ. ಬಿಟ್ಟಾಗ ಕೈಗೆ ಬರುವ ‘ಸೆಟ್ಲ್‌ಮೆಂಟ್’ನಲ್ಲಿ ಭವಿಷ್ಯನಿಧಿ, ಅಂದರೆ ಪಿಎಫ್, ಮುಖ್ಯ. ಲೆಕ್ಕಕ್ಕೆ ತಿಂಗಳಿಗೆ 10,000 ರೂ. ವೇತನವೆಂದು ಹಿಡಿದರೆ, ಕಾರ್ಮಿಕರ ಪಾಲು ಶೇ. 12, ಅಂದರೆ 1,200 ರೂ. ಮಾಲೀಕರೂ ಅಷ್ಟೇ ಕಟ್ಟುತ್ತಾರೆ. ಅದರಲ್ಲಿ 833 ರೂ. ಪಿಂಚಣಿಗೆ ಹೋಗಿ, 367 ರೂ. ಪಿಎಫ್ ಖಾತೆಗೆ ಸೇರುತ್ತದೆ. ಐದು ವರ್ಷಕ್ಕೆ ಬಡ್ಡಿ ಬಿಟ್ಟೇ ಸುಮಾರು 94,000 ರೂ. ಆಗುತ್ತದೆ. ತಿಂಗಳ ಸಂಬಳದಲ್ಲಿ ಎಂದೂ ಉಳಿಸಲಾಗದ ಈ ಇಡುಗಂಟು ಮಗಳ ಮದುವೆಗೋ ಮನೆಯ ಚಾವಣಿಗೋ ಒದಗುತ್ತದೆ. ಕಾನೂನಿನ ಪ್ರಕಾರ ಪಿಎಫ್ ಮುಪ್ಪಿನ ಆಸರೆ. ಕಾರ್ಮಿಕರ ಪ್ರಕಾರ ಅದು ಕಷ್ಟಕಾಲದ ಗಂಟು.

ಈ ಎರಡು ತಿಳಿವಳಿಕೆಗಳು 2016ರಲ್ಲಿ ಬೀದಿಯಲ್ಲಿ ಡಿಕ್ಕಿ ಹೊಡೆದವು. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ, ಕೆಲಸ ಬಿಟ್ಟವರು ತಮ್ಮ ಪಾಲನ್ನಷ್ಟೇ ತೆಗೆಯಬಹುದಿತ್ತು. ಮಾಲೀಕರ ಪಾಲಿಗೆ 58 ವರ್ಷ ತುಂಬುವವರೆಗೆ ಕಾಯಬೇಕಿತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಕಾರ್ಖಾನೆಗಳಿಂದ ಹೊರಬಂದ ಹೆಂಗಸರು ರಸ್ತೆಯಲ್ಲೇ ಕುಳಿತರು. ಮರುದಿನ ಪ್ರತಿಭಟನೆ ಮೈಸೂರು ರಸ್ತೆ, ತುಮಕೂರು ರಸ್ತೆಗೂ ಹರಡಿತು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಬಸ್ಸುಗಳಿಗೆ ಬೆಂಕಿ ಬಿತ್ತು. ಅಂದೇ ಸಂಜೆಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ಹಿಂಪಡೆದರು.

ಈ ಹೋರಾಟಕ್ಕೆ ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಬೆಂಗಳೂರಿನ ಹಳೆಯ ಕಾರ್ಮಿಕ ಚಳವಳಿಗಿಂತ ಇದು ತೀರ ಬೇರೆ. 1980ರ ಡಿಸೆಂಬರಿನಲ್ಲಿ ಸರ್ಕಾರಿ ಉದ್ಯಮಗಳಾದ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು ಆರಂಭಿಸಿದ ಮುಷ್ಕರ 77 ದಿನ ನಡೆಯಿತು. ಅವರಿಗೆ ಕಾಯಂ ನೌಕರಿಯಿತ್ತು, ಆಡಳಿತ ಮಂಡಳಿಯೊಂದಿಗೆ ಕೂತು ಮಾತಾಡುವ ಬಲಿಷ್ಠ ಯೂನಿಯನ್‌ಗಳಿದ್ದವು. ಗಾರ್ಮೆಂಟ್ಸ್‌ನಲ್ಲಿ ಕಾರ್ಮಿಕರು ಆಗಾಗ ಕೆಲಸ ಬದಲಿಸುವುದರಿಂದ ಸದಸ್ಯತ್ವ ನಿಲ್ಲುವುದಿಲ್ಲ. ಯೂನಿಯನ್ ಸೇರಿದ್ದು ತಿಳಿದರೆ ಕಷ್ಟದ ಹೊಲಿಗೆ ಆಪರೇಷನ್‌ಗೆ ಹಾಕಿಯಾರು, ಕೆಲಸ ಹೋದೀತು ಎಂಬ ಅಂಜಿಕೆ ಬೇರೆ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಅಡುಗೆ ಕೆಲಸ ಕಾದಿರುತ್ತದೆ. ಮೀಟಿಂಗಿಗೆ ಭಾನುವಾರವೊಂದೇ ಉಳಿಯುತ್ತದೆ. ಹೀಗಾಗಿ ಹಲವರಿಗೆ ಯೂನಿಯನ್ ನೆನಪಾಗುವುದು ಆಧಾರ್‌ನಲ್ಲಿ ಹೆಸರು ತಪ್ಪಾಗಿ ಪಿಎಫ್ ಹಣ ಸಿಗದೆ ನಿಂತಾಗ.

ಹಾಗಿದ್ದೂ ಎರಡು ಪ್ರಸಂಗಗಳು ಸಂಘಟನೆಯ ಬೆಲೆ ತೋರಿಸಿದವು. 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತಿಂಗಳಿಗೆ 417 ರೂ. ತುಟ್ಟಿಭತ್ಯೆಯನ್ನು ಕೊರೊನಾ ಕಾರಣಕ್ಕೆ ಮುಂದೂಡಿದಾಗ ಯೂನಿಯನ್‌ಗಳು ನ್ಯಾಯಾಲಯದ ಮೆಟ್ಟಿಲೇರಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಭತ್ಯೆ ಕೊಡುವಂತೆ ಹೇಳಿತು. ಆದರೂ ಬಹಳಷ್ಟು ಕಾರ್ಖಾನೆಗಳು ಬಾಕಿ ಪಾವತಿಗೆ ಮುಂದಾದದ್ದು 2022ರ ಆರಂಭದಲ್ಲಿ, ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ. ಎರಡನೆಯದು ಶ್ರೀರಂಗಪಟ್ಟಣದ್ದು. 2020ರ ಜೂನ್‌ನಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದ ಕಾರ್ಖಾನೆಯ ಮಷೀನುಗಳನ್ನು ಮಾಲೀಕರು ಹೊರಸಾಗಿಸಲು ಹೊರಟಾಗ ಕಾರ್ಮಿಕರು ವಾರಗಟ್ಟಲೆ ಧರಣಿ ಕೂತರು. ಎರಡೂ ಕಡೆ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಮುಂದಿತ್ತು. ಹೊರದೇಶದ ಖರೀದಿದಾರರ ಹೆಸರು ಬಯಲಿಗೆ ಬಂದರೆ ಕಾರ್ಖಾನೆ ಮಾತುಕತೆಗೆ ಬರುತ್ತದೆ ಎಂಬ ಪಾಠವನ್ನು ಯೂನಿಯನ್‌ಗಳು ಇಂಥ ಹೋರಾಟಗಳಲ್ಲೇ ಕಲಿತದ್ದು.

ಸರ್ಕಾರದ ಸುದ್ದಿಯನ್ನೂ ಇವರು ಸಂಬಳ, ಮನೆಗಳ ಅಳತೆಗೋಲಿನಿಂದಲೇ ಅಳೆಯುತ್ತಾರೆ. 2023ರ ಜೂನ್‌ನಲ್ಲಿ ಬಂದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದ ಬಸ್ ಪಾಸಿನ ದುಡ್ಡು ಉಳಿಯಿತು. ಹತ್ತಿರದ ಕಾರ್ಖಾನೆಗೇ ಅಂಟಿಕೊಳ್ಳದೆ, ಸಂಬಳ ತುಸು ಹೆಚ್ಚಿರುವಲ್ಲಿಗೆ ಹೋಗುವುದು ಸುಲಭವಾಯಿತು. ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಅದೇ ವರ್ಷ ಬಂದಾಗ ಎದ್ದ ಪ್ರಶ್ನೆ, ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು ಎಂಬುದು.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೆಯ ಕಾನೂನುಗಳ ಜಾಗ ಹಿಡಿದಿವೆ. ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಿಗುತ್ತದೆ. ಕಾರ್ಖಾನೆಯ ಶೇ. 51 ಜನ ಸದಸ್ಯರಾಗಿರುವ ಯೂನಿಯನ್‌ಗೆ ಮಾತುಕತೆಯ ಪೂರ್ಣ ಹಕ್ಕು ದೊರೆಯುತ್ತದೆ. ಆದರೆ ಮುಷ್ಕರಕ್ಕೆ 14 ದಿನದ ನೋಟಿಸ್ ಕಡ್ಡಾಯ. ಕಾರ್ಖಾನೆ ಮುಚ್ಚುವ ಮುನ್ನ ಸರ್ಕಾರದ ಅನುಮತಿ ಬೇಕಾಗುವುದು 300 ಕಾರ್ಮಿಕರಿದ್ದರೆ ಮಾತ್ರ. ಮೊದಲು 100 ಇದ್ದರೆ ಸಾಕಿತ್ತು. ಸಂಹಿತೆಗಳು ಬರುವ ಮುಂಚೆ, ಅದೇ ವರ್ಷದ ಅಕ್ಟೋಬರಿನಲ್ಲಿ, ಭವಿಷ್ಯನಿಧಿಯ ಕೇಂದ್ರ ಮಂಡಳಿ ಖಾತೆಯಲ್ಲಿ ಕಾಲುಭಾಗ ಉಳಿದಿರಬೇಕೆಂದೂ, ಕೆಲಸ ಬಿಟ್ಟವರು ಪೂರ್ತಿ ಹಣಕ್ಕೆ ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕೆಂದೂ ತೀರ್ಮಾನಿಸಿತು. 2016ರಂತೆ ಸುದ್ದಿ ಕೇಳಿದ ಕೂಡಲೇ ಬೀದಿಗಿಳಿದರೆ ಅದು ಈಗ ಕಾನೂನುಬಾಹಿರ ಮುಷ್ಕರ. ಹೀಗೆ ನೋಟಿಸ್ ಕೊಟ್ಟು, ಬಹುಮತ ತೋರಿಸಿ, ಮಾತುಕತೆಗೆ ಕೂರುವ ಸಂಘಟನೆ ಗಾರ್ಮೆಂಟ್ಸ್ ಕಾರ್ಮಿಕರಿಗೆ ಹಿಂದೆಂದಿಗಿಂತ ಹೆಚ್ಚು ಅಗತ್ಯವಾಗಿದೆ. ಪದೇ ಪದೇ ಕೆಲಸ ಬದಲಾಗುವ ಫ್ಲೋರಿನಲ್ಲಿ ಅದನ್ನು ಕಟ್ಟುವುದು ಮಾತ್ರ ಮೊದಲಿನಷ್ಟೇ ಕಷ್ಟ.