ಹಾಡಿನ ಹಿಡಿತ ಫೋನಿನಲ್ಲೇ ಏಕಿರಬೇಕು?

ಮಂಡ್ಯ ತಾಲ್ಲೂಕಿನ ಕೆರಗೋಡಿನಂಥ ಊರಿನಲ್ಲೂ ಈಗ ಹಾಡೆಂದರೆ ಫೋನು. ಫೋನಿನ ಒಡೆಯ ಕಬ್ಬಿನ ಗದ್ದೆಗೆ ಹೊರಟರೆ ಹಾಡೂ ಅವನ ಹಿಂದೆಯೇ ಹೊರಟಿತು. ಮನೆಯಲ್ಲುಳಿದ ಅಜ್ಜಿ ರಾಜ್‌ಕುಮಾರ್ ಹಾಡಿಗೆ ಸಂಜೆವರೆಗೆ ಕಾಯಬೇಕು.

ಇದಕ್ಕೆ ಪರಿಹಾರ ಹಿಂದೆಯೇ ಇತ್ತು. ಅಮೆರಿಕದ ಸೋನೋಸ್ ಕಂಪನಿ 2005ರಲ್ಲೇ ಪರದೆಯೂ ತಿರುಗುವ ಚಕ್ರವೂ ಇದ್ದ ಸಿಆರ್100 ಎಂಬ ರಿಮೋಟು ತಂದಿತ್ತು. 2008ರಲ್ಲಿ ಅಂಥದ್ದೇ ರಿಮೋಟಿನ, ಲಾಜಿಟೆಕ್‌ ಕಂಪನಿಯ ಸ್ಕ್ವೀಜ್‌ಬಾಕ್ಸ್ ಡ್ಯುಯೆಟ್ ಬಂತು. ಹಾಡು ಈ ರಿಮೋಟಿನೊಳಗೆ ಹಾದು ಬರುವುದಿಲ್ಲ. ರಿಮೋಟು ಅಪ್ಪಣೆ ಕೊಡುತ್ತದೆ ಅಷ್ಟೆ. ಮನೆಯಲ್ಲಿಟ್ಟ ಪ್ಲೇಯರು ಹಾಡನ್ನು ಇಂಟರ್ನೆಟ್ಟಿನಿಂದಲೋ ಮನೆಯ ಕಂಪ್ಯೂಟರಿನಿಂದಲೋ ನೇರವಾಗಿ ಎಳೆದುಕೊಳ್ಳುತ್ತದೆ. ಹಾಗಾಗಿ ಯಾರಿಗೆ ಕರೆ ಬಂದರೂ ಹಾಡು ನಿಲ್ಲದು.

ಸ್ಮಾರ್ಟ್‌ಫೋನು ಇವನ್ನೆಲ್ಲ ಮೂಲೆಗೆ ತಳ್ಳಿತು. ಸಿಆರ್100ಕ್ಕೆ ಸೋನೋಸ್ 2018ರಲ್ಲಿ ಬೆಂಬಲ ನಿಲ್ಲಿಸಿತು. ತಮಾಷೆಯೆಂದರೆ, 2024ರಲ್ಲಿ ಸೋನೋಸ್‌ನ ಹೊಸ ಫೋನ್ ಆ್ಯಪೇ ಕೈಕೊಟ್ಟು ಗ್ರಾಹಕರು ಸಿಡಿಮಿಡಿಗೊಂಡರು.

ನಮ್ಮ ದೇಶದಲ್ಲಿ 2017ರಲ್ಲಿ ಸಂಗೀತ ಕಂಪನಿ ಸರೆಗಮ ತಂದ ಕಾರವಾನ್ ಎಂಬ ಹಾಡಿನ ಪೆಟ್ಟಿಗೆ ಹಿರಿಯರ ಮನಸ್ಸು ಗೆದ್ದದ್ದು ಗುಂಡಿಗಳಿಂದಲೇ. ಅದರಲ್ಲಿ ತುಂಬಿಟ್ಟ 5,000 ಹಾಡುಗಳಿಗೆ ಇಂಟರ್ನೆಟ್ ಬೇಡ. ಸ್ಟ್ರೀಮಿಂಗ್‌ನ ವಿಸ್ತಾರ ಮಾತ್ರ ಅದಕ್ಕಿಲ್ಲ.

ಕನ್ನಡದಲ್ಲೇ ಹಾಡಿನ ಹೆಸರು ತೋರಿಸುವ, ದೊಡ್ಡ ಗುಂಡಿಗಳ, ಅಗ್ಗದ ಸ್ಟ್ರೀಮಿಂಗ್ ರಿಮೋಟನ್ನು ಯಾರಾದರೂ ಮಾಡಿದರೆ ಕೊಳ್ಳುವವರು ಬೆಂಗಳೂರಿನಲ್ಲಷ್ಟೇ ಅಲ್ಲ, ಕೆರಗೋಡಿನಲ್ಲೂ ಸಿಗುತ್ತಾರೆ.