ಮುಂಡಗೋಡದಲ್ಲಿ ಯಾರ್ಯಾರು ಇದ್ದೀವಿ? ಗಣತಿಯವರು ಬಂದಾಗ ಏನಂತ ಬರೆಸಬೇಕು?

ಮುಂಡಗೋಡ: ಸಂತೆ ದಿನ ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಅರ್ಧ ತಾಸು ನಿಂತರೆ ಸಾಕು. ಕೆಂಪು ನಿಲುವಂಗಿಯ ಲಾಮಾಗಳು ತರಕಾರಿ ಚೌಕಾಸಿ ಮಾಡ್ತಿರ್ತಾರೆ, ಅದೂ ಕನ್ನಡದಲ್ಲಿ. ಪಕ್ಕದಲ್ಲಿ ಹಾಲಿನ ಕ್ಯಾನ್ ಇಟ್ಟುಕೊಂಡ ಗೌಳಿಗರು ಮರಾಠಿಯಲ್ಲಿ ಮಾತಾಡ್ತಾರೆ. ತಾಂಡಾದಿಂದ ಬಂದ ಲಂಬಾಣಿ ಅಜ್ಜಿ, ಯಲ್ಲಾಪುರ ಕಡೆಯ ಕಾಡಿನಿಂದ ಬಂದ ಸಿದ್ದಿಗಳು, ಉರ್ದು ಮಾತಾಡೋ ಅಂಗಡಿಯವರು, ಕೊಂಕಣಿಯವರು, ಹಾನಗಲ್ ಶಿಗ್ಗಾವಿ ಕಡೆಯಿಂದ ಬಂದು ನೆಲೆಸಿದ ಬಯಲುಸೀಮೆ ಜನ, ಎಲ್ಲರೂ ಒಂದೇ ರಸ್ತೆಯಲ್ಲಿ. ಹೊರಗಿನವರು ಬಂದು ಫೋಟೊ ತೆಗೆದು "ಮಿನಿ ಟಿಬೆಟ್" ಅಂತ ಹಾಕಿ ಹೋಗ್ತಾರೆ. ಅಷ್ಟೇ ಅಲ್ಲ ಊರು.

ಈಗ ಯಾಕೆ ಈ ವಿಷಯ ಅಂದ್ರೆ, 2011ರ ನಂತರ ಆಗಬೇಕಿದ್ದ ಜನಗಣತಿಗೆ ಈಗ 2027ರ ದಿನಾಂಕ ಗೊತ್ತಾಗಿದೆ. 2027ರ ಮಾರ್ಚ್ 1ಕ್ಕೆ ಯಾರು ಎಲ್ಲಿದ್ದರು ಅನ್ನೋದು ಲೆಕ್ಕ. ಈ ಸಲ ಎಲ್ಲರ ಜಾತಿಯನ್ನೂ ಬರೆದುಕೊಳ್ಳೋದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಹೇಳಿದೆ. ಪೂರ್ತಿ ಜಾತಿ ಲೆಕ್ಕ ಜನಗಣತಿಯಲ್ಲಿ ಕೊನೆಯ ಸಲ ಪ್ರಕಟ ಆಗಿದ್ದು 1931ರಲ್ಲಿ. ಸ್ವಾತಂತ್ರ್ಯದ ನಂತರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಧರ್ಮ, ಮಾತೃಭಾಷೆ, ಇಷ್ಟೇ ಇತ್ತು. ಅಮೆರಿಕದಲ್ಲಿ ಕೇಳೋ ಹಾಗೆ "ನಿಮ್ಮ ಜನಾಂಗ ಯಾವುದು" ಅನ್ನೋ ಕಾಲಂ ನಮ್ಮಲ್ಲಿ ಇಲ್ಲ. ಹಾಗಾಗಿ ಸಂತೆಯಲ್ಲಿ ಕಣ್ಣಿಗೆ ಕಾಣೋ ಊರೇ ಬೇರೆ, ಕಾಗದದಲ್ಲಿ ಸಿಗೋ ಊರೇ ಬೇರೆ.

ಮೊದಲು ಸಿದ್ದಿಗಳ ವಿಷಯ. ಇವರ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಗುಲಾಮರಾಗಿ ಹಡಗಿನಲ್ಲಿ ತಂದವರಲ್ಲಿ ಗೋವಾದಿಂದ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿದರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನ ಕೂಡ ಇದನ್ನೇ ಹೇಳ್ತು: ಹೆಚ್ಚಿನ ಪಾಲು ಆಫ್ರಿಕಾದ್ದು, ಜೊತೆಗೆ ಇಲ್ಲಿನದ್ದು, ಸ್ವಲ್ಪ ಯುರೋಪಿನದ್ದು. ಅದು ರಕ್ತದ ಮಾತು. ಬದುಕು ನೋಡಿದ್ರೆ ಶತಮಾನಗಳಿಂದ ಇಲ್ಲಿಯವರು. ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ ತಾಲೂಕುಗಳ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಹೆಚ್ಚಿನವರು ಮಾತಾಡೋದು ಒಂದು ಬಗೆಯ ಕೊಂಕಣಿ. ಅದಿಲ್ಲದ ಕಡೆ ಮರಾಠಿ, ಉರ್ದು ಅಥವಾ ಕನ್ನಡ.

ಈಗ ಫಾರ್ಮ್ ತೆಗೆದುಕೊಳ್ಳಿ. ಧರ್ಮದ ಕಾಲಂನಲ್ಲಿ ಮೂರು ಪಾಲಾಗ್ತಾರೆ. ಮಾತೃಭಾಷೆ ಕಾಲಂನಲ್ಲಿ ಕೊಂಕಣಿಯವರ ಜೊತೆ ಸೇರಿ ಹೋಗ್ತಾರೆ. ಒಟ್ಟಿಗೆ ಕಾಣೋ ಜಾಗ ಒಂದೇ, ಪರಿಶಿಷ್ಟ ಪಂಗಡದ ಕಾಲಂ. ಆ ಕಾಲಂ ಸಿಕ್ಕಿದ್ದೂ 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಗಡಿ ಆಚೆಗಿನ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಸಿಕ್ಕಿದ್ದು 2020ರಲ್ಲಿ. ಅಂದ್ರೆ 2011ರ ಗಣತಿಯಲ್ಲಿ ಹಳಿಯಾಳದ ಸಿದ್ದಿ ಬುಡಕಟ್ಟಿನವನು, ಪಕ್ಕದ ಕಲಘಟಗಿಯ ಸಿದ್ದಿ ಅಲ್ಲ. ಮಧ್ಯೆ ಇರೋದು ಕಾಡು, ಆ ಕಾಡಿನಲ್ಲಿ ಗೆರೆ ಎಲ್ಲಿದೆ ಅಂತ ತೋರಿಸಿ ನೋಡೋಣ.

ಇಲ್ಲಿ ಒಂದು ಮುಖ್ಯವಾದ ಮಾತು. ಪರಿಶಿಷ್ಟ ಪಂಗಡಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ. ಮುಸ್ಲಿಂ ಸಿದ್ದಿಯೂ ಎಸ್‌ಟಿ, ಕ್ರೈಸ್ತ ಸಿದ್ದಿಯೂ ಎಸ್‌ಟಿ. ಪರಿಶಿಷ್ಟ ಜಾತಿಗೆ ಮಾತ್ರ 1950ರ ಆದೇಶದಿಂದ ಬಂದ ನಿಯಮ ಇದೆ: ಹಿಂದೂ, ಸಿಖ್, ಬೌದ್ಧರಾದರೆ ಮಾತ್ರ. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ ಜನ. ಗಣತಿಯವರು "ಮುಸ್ಲಿಂ ಅಂದ್ಮ್ಯಾಲೆ ಎಸ್‌ಟಿ ಹೆಂಗ ಬರೀಲಿ" ಅಂದ್ರೆ ಸುಮ್ಮನಾಗಬೇಡಿ, ಬರೆಸಿ. ನನ್ನ ಕಾಲೇಜು ಗೆಳೆಯನೊಬ್ಬ ಸಿದ್ದಿ. (ಅವನು ಡಿಗ್ರಿ ಮುಗಿಸಿದ, ನಾನು ಬಿಟ್ಟೆ, ಆ ಕತೆ ಬೇರೆ.) ಹುಬ್ಬಳ್ಳಿಗೆ ಹೋದಾಗೆಲ್ಲ ಅವನನ್ನ ಇಂಗ್ಲಿಷ್‌ನಲ್ಲಿ ಮಾತಾಡಿಸ್ತಾರೆ. ಅವನು "ಏನ್ರೀ ಅಣ್ಣಾರ, ಕನ್ನಡ ಬರಂಗಿಲ್ಲೇನು ನಿಮಗ?" ಅಂತ ಕೇಳ್ತಾನೆ. ನಾವು ನಗ್ತೀವಿ. ಪ್ರತಿ ಸಲ ಅವನಿಗೆ ನಗು ಬರಲ್ಲ ಅನ್ನೋದು ನನಗೆ ತಡವಾಗಿ ಗೊತ್ತಾಯ್ತು.

ಇನ್ನು ಟಿಬೆಟನ್ನರು. ಕಾಲೊನಿ ಶುರು ಆಗಿದ್ದು 1966ರಲ್ಲಿ. ಸರ್ಕಾರ ಕೊಟ್ಟ ಸುಮಾರು 4,000 ಎಕರೆ ಕಾಡು ಜಾಗ ಕಡಿದು ಹೊಲ ಮಾಡಿದರು. ಗೋವಿನಜೋಳ, ಭತ್ತ ಬೆಳೆದರು. ಚಳಿಗಾಲದಲ್ಲಿ ದೊಡ್ಡ ಊರುಗಳಿಗೆ ಸ್ವೆಟರ್ ಮಾರಲು ಹೋದರು. ಮುಂದೆ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಕಟ್ಟಿದ ಮೇಲೆ ಲಾಮಾ ಕ್ಯಾಂಪ್ ನಂಬರ್ 1, 2 ಅಂತ ನಮ್ಮ ಬಾಯಲ್ಲಿ ಹೆಸರಾಯ್ತು. ಆದರೆ ಕ್ಯಾಂಪುಗಳು ಇರೋದು ಪಟ್ಟಣದ ಹೊರಗೆ. ಪಟ್ಟಣ ಪಂಚಾಯ್ತಿಯ ಜನಸಂಖ್ಯೆ ನೋಡಿ "ಇಷ್ಟು ಜನರಲ್ಲಿ ಇಷ್ಟು ಟಿಬೆಟನ್ನರು" ಅಂತ ಲೆಕ್ಕ ಹಾಕಿದ್ರೆ ತಪ್ಪು. ಅವರು ಅಂಗಡಿಗೆ, ಬ್ಯಾಂಕಿಗೆ ಪಟ್ಟಣಕ್ಕೆ ಬರ್ತಾರೆ, ಲೆಕ್ಕಕ್ಕೆ ಬರಲ್ಲ.

ಕೆಂಪು ನಿಲುವಂಗಿ ಹಾಕಿದವರೆಲ್ಲ ಟಿಬೆಟ್‌ನವರೂ ಅಲ್ಲ. ಮಠಗಳಲ್ಲಿ ಓದೋಕೆ ಲಡಾಖ್, ಅರುಣಾಚಲದ ತವಾಂಗ್, ಸಿಕ್ಕಿಂ, ನೇಪಾಳ, ಮಂಗೋಲಿಯಾದಿಂದ ಬಂದವರಿದ್ದಾರೆ. ಲಡಾಖ್‌ನವರು, ತವಾಂಗ್‌ನವರು ನಮ್ಮ ನಿಮ್ಮ ಹಾಗೆ ಭಾರತದ ಪ್ರಜೆಗಳು. ಅವರ ಊರಲ್ಲಿ ಎಸ್‌ಟಿ ಆಗಿದ್ದರೂ ಇಲ್ಲಿಯ ಗಣತಿಯಲ್ಲಿ ಎಸ್‌ಟಿ ಅಂತ ಬರಲ್ಲ, ಯಾಕಂದ್ರೆ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. "ಚೀನಾದವರು" ಅಂತ ಕರೆಯೋ ನಮ್ಮ ಜನಕ್ಕೆ ಇದು ಗೊತ್ತಿರಲಿ. ಟಿಬೆಟನ್ನರಿಗೂ ಅದು ಬೈಗುಳಕ್ಕಿಂತ ಕಡಿಮೆ ಏನಲ್ಲ.

ಟಿಬೆಟನ್ನರಲ್ಲಿ ಹೆಚ್ಚಿನವರ ಹತ್ತಿರ ಇರೋದು ಆರ್‌ಸಿ, ಅಂದ್ರೆ ವಿದೇಶಿಯರ ನೋಂದಣಿ ಪ್ರಮಾಣಪತ್ರ. ಅದನ್ನ ಆಗಾಗ ನವೀಕರಿಸ್ತಾ ಇರಬೇಕು. ಆದರೆ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಇದು ಟಿಬೆಟನ್ನರಿಗೂ ಅನ್ವಯಿಸುತ್ತೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿವೆ. ಆದರೂ ಅರ್ಜಿ ಹಾಕದೆ ಆರ್‌ಸಿಯಲ್ಲೇ ಉಳಿದವರು ಬಹಳ. ಕೆಲವರಿಗೆ ಟಿಬೆಟನ್ ಅನ್ನೋ ಗುರುತು ಕಳೆದುಹೋಗುತ್ತೆ ಅನ್ನೋ ಸಂಕಟ, ಇನ್ನು ಕೆಲವರಿಗೆ ಕಾಲೊನಿ ಮನೆ ಜಮೀನಿನ ಚಿಂತೆ.

ಜನಗಣತಿಗೆ ಮಾತ್ರ ಪೌರತ್ವ ಬೇಕಿಲ್ಲ. ಇಲ್ಲಿ ವಾಸ ಮಾಡೋರು ಯಾರೇ ಆಗಲಿ ಎಣಿಕೆಗೆ ಬರ್ತಾರೆ. ಮಠದಲ್ಲಿ ಇರೋರನ್ನ ಹಾಸ್ಟೆಲ್ ಥರ ಸಾಂಸ್ಥಿಕ ಕುಟುಂಬ ಅಂತ ಬರ್ಕೊಳ್ತಾರೆ. ಟಿಬೆಟನ್ ಭಾಷೆಗೆ ಗಣತಿಯ ಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇದೆ.

ಲಂಬಾಣಿಯವರಿಗೆ ಆ ಭಾಗ್ಯ ಇಲ್ಲ. ಲಂಬಾಣಿ ಅಂತ ಬರೆಸಿದ್ರೂ ಗಣತಿಯವರು ಕೊನೆಗೆ ಅದನ್ನ ಹಿಂದಿಯ ಗುಂಪಿಗೆ ಸೇರಿಸ್ತಾರೆ. ಹಿಂದಿಯ ಲೆಕ್ಕ ಬೆಳೆಯೋದರಲ್ಲಿ ನಮ್ಮ ತಾಂಡಾದ ಅಜ್ಜಿಯ ಪಾಲೂ ಇದೆ ಅನ್ನಿ! ಆದರೂ ಗುಂಪಿನ ಒಳಗೆ ಲಂಬಾಣಿ ಎಷ್ಟು ಅಂತ ಬೇರೆ ಸಾಲು ಸಿಗುತ್ತೆ, ಅದಕ್ಕೇ "ಹಿಂದಿ" ಅಥವಾ "ಕನ್ನಡ" ಅಂತ ಬರೆಸದೆ ಲಂಬಾಣಿ ಅಂತಲೇ ಬರೆಸಿ. ಜಾತಿ ವಿಷಯದಲ್ಲೂ ಗಡಿಯ ಆಟ ಇದೆ: ಕರ್ನಾಟಕದಲ್ಲಿ ಇವರು ಎಸ್‌ಸಿ, ತೆಲಂಗಾಣದಲ್ಲಿ ಎಸ್‌ಟಿ. ಗೌಳಿಗರದ್ದು ಇನ್ನೊಂದು ಕತೆ. ಎಮ್ಮೆ ಕಟ್ಟಿಕೊಂಡು ಕಾಡಂಚಲ್ಲಿ ಗೌಳಿವಾಡಾ ಮಾಡಿಕೊಂಡಿರೋ ಈ ಜನ ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ವರ್ಷಗಟ್ಟಲೆ ಕೇಳ್ತಾನೇ ಇದ್ದಾರೆ. ಇಷ್ಟು ದಿನ ಅವರು ಎಷ್ಟು ಜನ ಅಂತ ಹೇಳೋಕೆ ಜನಗಣತಿಯಲ್ಲಿ ಕಾಲಂ ಇರಲಿಲ್ಲ. ಈ ಸಲದ ಜಾತಿ ಕಾಲಂ ಹೆಚ್ಚು ಮುಖ್ಯ ಆಗೋದು ಬಹುಶಃ ಇವರಿಗೇ.

ಮಾತೃಭಾಷೆ ಅಂದ್ರೆ ಗಣತಿಯ ಅರ್ಥದಲ್ಲಿ ಚಿಕ್ಕವರಿದ್ದಾಗ ತಾಯಿ ನಿಮ್ಮ ಜೊತೆ ಆಡಿದ ಭಾಷೆ. ಶಾಲೆಯದ್ದೂ ಅಲ್ಲ, ರಾಜ್ಯದ್ದೂ ಅಲ್ಲ. ಗೊತ್ತಿರೋ ಬೇರೆ ಎರಡು ಭಾಷೆ ಬರೆಸಲು ಜಾಗ ಬೇರೆ ಇರುತ್ತೆ, ಕನ್ನಡ ಅಲ್ಲಿ ಬಂದೇ ಬರುತ್ತೆ. ಗಣತಿಯಲ್ಲಿ ಎಸ್‌ಟಿ ಅಂತ ಬರೆಸಿದ್ರೆ ಜಾತಿ ಪ್ರಮಾಣಪತ್ರ ಸಿಗಲ್ಲ, ಅದಕ್ಕೆ ತಹಶೀಲ್ದಾರ್ ಕಚೇರಿಯೇ ಗತಿ. ಹಾಗೇ ಟಿಬೆಟನ್ ಅಂತ ಬರೆಸಿದ್ರೆ ಯಾರ ಪೌರತ್ವವೂ ಹೋಗಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ನೀವು ಹೇಳಿದ ಮಾಹಿತಿ ಗೌಪ್ಯ.

ಈ ಸಲ ಮೊಬೈಲ್‌ನಲ್ಲಿ ನಾವೇ ತುಂಬೋ ಅವಕಾಶವೂ ಇದೆ. ನೆಟ್‌ವರ್ಕ್ ಸಿಗದ ಗೌಳಿವಾಡಾ, ಕಾಡಿನೊಳಗಿನ ಸಿದ್ದಿ ಮನೆಗಳಲ್ಲಿ ಅದು ನಡೆಯಲ್ಲ. ಅಲ್ಲಿ ಗಣತಿಯವರು ಬಂದೇ ಕೇಳಬೇಕು. ಬರೆದುಕೊಂಡ ಮೇಲೆ "ಏನ್ ಬರದ್ರಿ ಸರ, ಒಮ್ಮೆ ಓದಿ ಹೇಳ್ರಿ" ಅಂತ ಕೇಳಿ.